ಬುದ್ಧಿಮಾಂದ್ಯತೆ: ಕಾರಣ ಯಾವುದು, ಪ್ರಮಾಣ ಎಷ್ಟು?

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳ ಬುದ್ಧಿಶಕ್ತಿಯ ಬೆಳವಣಿಗೆಗೆ ಸಂಬಂಧಿಸಿದವು. ಒಂದೇ ಬಗೆಯ ಪತ್ರಗಳನ್ನು ಸೇರಿಸಿ, ಬರೆದವರ ಗುರುತು ಬಿಟ್ಟು, ಇಲ್ಲಿ ಉತ್ತರಿಸಿದ್ದೇನೆ. ‘ಯಾವುದರಿಂದ ಬಂತು’ ಎಂಬುದನ್ನೂ ‘ಎಷ್ಟರ ಮಟ್ಟಿಗಿದೆ’ ಎಂಬುದನ್ನೂ ಬಹಳಷ್ಟು ಓದುಗರು ಒಂದೇ ಪ್ರಶ್ನೆಯಾಗಿ ಕೇಳಿದ್ದಾರೆ. ಅವೆರಡೂ ಬೇರೆ ಬೇರೆ. ಒಂದೇ ಕಾರಣದಿಂದ ಒಂದು ಮಗುವಿಗೆ ಸ್ವಲ್ಪವೇ ತೊಂದರೆಯಾಗಬಹುದು, ಇನ್ನೊಂದಕ್ಕೆ ಬಹಳ ಆಗಬಹುದು. ಪ್ರಮಾಣ ಒಂದೇ ಆಗಿರುವ ಇಬ್ಬರು ಮಕ್ಕಳಲ್ಲಿ ಕಾರಣಗಳು ಒಂದಕ್ಕೊಂದು ಸಂಬಂಧವೇ ಇಲ್ಲದವಾಗಿರಬಹುದು.

ಪ್ರಶ್ನೆ: ಮಗನಿಗೆ ಮೂರು ವರ್ಷ. ನಾಲ್ಕೈದು ಬಿಡಿ ಪದಗಳನ್ನಷ್ಟೇ ಆಡುತ್ತಾನೆ. ನಡೆದದ್ದೂ ತಡವಾಗಿ. ‘ಕೆಲವು ಮಕ್ಕಳು ಹಾಗೇ, ತಾನಾಗಿ ಸರಿಹೋಗುತ್ತದೆ’ ಎಂದು ಮನೆಯವರು ಹೇಳುತ್ತಾರೆ. ವೈದ್ಯರು ‘ಬೆಳವಣಿಗೆಯ ವಿಳಂಬ’ ಎಂದು ಬರೆದುಕೊಟ್ಟಿದ್ದಾರೆ. ಇದು ಬುದ್ಧಿಮಾಂದ್ಯತೆಯೇ?

ಉತ್ತರ: ಈ ವಯಸ್ಸಿನಲ್ಲಿ ಆ ಷರಾ ಬರೆಯದಿರುವುದೇ ಸರಿಯಾದ ಕ್ರಮ, ನಿಮ್ಮ ವೈದ್ಯರು ಸರಿಯಾಗಿಯೇ ನಡೆದುಕೊಂಡಿದ್ದಾರೆ. ಬುದ್ಧಿಮಾಂದ್ಯತೆ ಎನ್ನಬೇಕಾದರೆ ಮೂರು ಸಂಗತಿಗಳು ಕೂಡಿಬರಬೇಕು: ಯೋಚಿಸುವ, ಕಲಿಯುವ, ತರ್ಕಿಸುವ ಶಕ್ತಿ ವಯಸ್ಸಿಗೆ ಹೋಲಿಸಿದರೆ ಗಣನೀಯವಾಗಿ ಕಡಿಮೆಯಿರಬೇಕು, ಊಟ, ಉಡುಗೆ, ಮಾತುಕತೆ, ಇತರರೊಡನೆ ಬೆರೆಯುವುದು ಮುಂತಾದ ದೈನಂದಿನ ನಿರ್ವಹಣೆಯಲ್ಲೂ ಆ ಕೊರತೆ ಕಾಣಬೇಕು, ಇದೆಲ್ಲ ಬೆಳೆಯುವ ವಯಸ್ಸಿನಲ್ಲೇ ಆರಂಭವಾಗಿರಬೇಕು. ಐದು ವರ್ಷದೊಳಗಿನ ಮಕ್ಕಳಲ್ಲಿ ಬುದ್ಧಿಶಕ್ತಿಯ ಅಳತೆ ಅಷ್ಟು ನೆಚ್ಚುವಂತಿರುವುದಿಲ್ಲವಾದ್ದರಿಂದ, ಎರಡು ಅಥವಾ ಹೆಚ್ಚು ಕ್ಷೇತ್ರಗಳಲ್ಲಿ ಮಗು ಹಿಂದಿದ್ದರೆ ಸದ್ಯಕ್ಕೆ ‘ಸಮಗ್ರ ಬೆಳವಣಿಗೆಯ ವಿಳಂಬ’ ಎಂದು ಕರೆದು, ದೊಡ್ಡದಾದ ಮೇಲೆ ಮತ್ತೆ ಪರೀಕ್ಷಿಸುತ್ತಾರೆ. ಅವರಲ್ಲಿ ಕೆಲವರು ಸಮಕ್ಕೆ ಬರುತ್ತಾರೆ, ಹಲವರು ಬರುವುದಿಲ್ಲ.

ಮೊದಲು ಕಿವಿಯ ಪರೀಕ್ಷೆ ಮಾಡಿಸಿ. ‘ಕರೆದರೆ ತಿರುಗುತ್ತಾನೆ, ಕಿವಿ ಚೆನ್ನಾಗಿದೆ’ ಎಂಬ ಭರವಸೆ ಸಾಲದು, ಏಕೆಂದರೆ ಅರ್ಧ ಕೇಳಿಸುವ ಮಗುವೂ ತಿರುಗುತ್ತದೆ. ಇಂಥ ಮಗು ನನ್ನ ಬಳಿ ಬಂದಾಗ ನಾನು ಮೊದಲೇ ಮಾತಾಡಿಸಲು ಹೋಗುವುದಿಲ್ಲ. ಅದು ನೋಡುತ್ತಿರುವಾಗಲೇ ಮೇಜಿನ ಮೇಲಿನ ಚಿಕ್ಕ ಚೆಂಡೊಂದನ್ನು ಬಟ್ಟಲಿನಿಂದ ಮುಚ್ಚುತ್ತೇನೆ. ಬಟ್ಟಲನ್ನೆತ್ತಿ ಚೆಂಡು ತೆಗೆದು, ಮತ್ತೆ ಮುಚ್ಚು ಎಂದು ನನ್ನ ಕೈಗೇ ಕೊಟ್ಟು, ‘ನೋಡು’ ಎನ್ನುವಂತೆ ತಾಯಿಯ ಮುಖವನ್ನೊಮ್ಮೆ ನೋಡುವ ಮಗುವಿಗೆ ಮಾತಷ್ಟೇ ಹಿಂದುಳಿದಿರುವ ಸಾಧ್ಯತೆ ಇದೆ. ಚೆಂಡು ಕಣ್ಮರೆಯಾದೊಡನೆ ಅದನ್ನು ಮರೆತೇಬಿಡುವ ಮೂರು ವರ್ಷದ ಮಗುವನ್ನು ಕಂಡರೆ ನನ್ನ ಚಿಂತೆ ಬೇರೆ ದಿಕ್ಕಿಗೆ ಹೊರಳುತ್ತದೆ. ಇದು ರೋಗನಿರ್ಣಯವಲ್ಲ, ಯಾವ ಪರೀಕ್ಷೆ ಬೇಕೆಂಬ ಸುಳಿವು ಮಾತ್ರ. ನಿಮ್ಮ ಮಗ ನಡೆದದ್ದೂ ತಡ ಎಂದಿದ್ದೀರಿ. ಹದಿನೆಂಟು ತಿಂಗಳಾದರೂ ನಡೆಯದ, ಎರಡು ವರ್ಷವಾದರೂ ಎರಡು ಪದ ಜೋಡಿಸದ ಮಗುವನ್ನು ಯಾರ ಸಮಾಧಾನದ ಮಾತಿಗೂ ಕಾಯದೆ ತೋರಿಸಬೇಕು. ತಾನಾಗಿ ಸರಿಹೋಗುವ ಮಗುವಿಗೆ ತರಬೇತಿಯಿಂದ ನಷ್ಟವೇನೂ ಇಲ್ಲ. ಸರಿಹೋಗದ ಮಗುವಿನ ಪಾಲಿಗೆ ಈ ಮೊದಲ ವರ್ಷಗಳು ಅಮೂಲ್ಯ.

ಪ್ರಶ್ನೆ: ಮಗಳಿಗೆ ಒಂಬತ್ತು ವರ್ಷ. ಎರಡು ವರ್ಷದ ಹಿಂದೆ ಐಕ್ಯೂ 58 ಬಂದಿತ್ತು, ಈಗ 64. ಬುದ್ಧಿ ಬೆಳೆಯುತ್ತಿದೆ ಎಂದುಕೊಳ್ಳಬಹುದೇ? ಸೌಮ್ಯ, ಮಧ್ಯಮ ಎಂಬ ವಿಂಗಡಣೆ ಹೇಗೆ?

ಉತ್ತರ: ಆರು ಅಂಕಗಳ ಈ ವ್ಯತ್ಯಾಸವನ್ನು ಪ್ರಗತಿ ಎಂದು ಹಿಗ್ಗುವುದೂ ಬೇಡ, ನಾಳೆ 60 ಬಂದರೆ ಕುಗ್ಗುವುದೂ ಬೇಡ. ಈ ಪರೀಕ್ಷೆಗಳಲ್ಲಿ ಜನಸಾಮಾನ್ಯರ ಸರಾಸರಿಯನ್ನು 100 ಎಂದಿಟ್ಟು, ಹರವನ್ನು 15 ಅಂಕಗಳ ಮೆಟ್ಟಿಲುಗಳಲ್ಲಿ ಲೆಕ್ಕ ಹಾಕುತ್ತಾರೆ. ಸರಾಸರಿಯಿಂದ ಎರಡು ಮೆಟ್ಟಿಲು ಕೆಳಗೆ, ಅಂದರೆ ಸುಮಾರು 70ಕ್ಕಿಂತ ಕಡಿಮೆ ಬಂದಾಗ ಬುದ್ಧಿಮಾಂದ್ಯತೆಯ ಯೋಚನೆ ಬರುತ್ತದೆ. ಆದರೆ ಪ್ರತಿ ಅಳತೆಯಲ್ಲೂ ಐದಂಕದಷ್ಟು ಅತ್ತಿತ್ತ ಆಗುವ ಅವಕಾಶ ಇದ್ದೇ ಇದೆ. ಮಗಳು ಅಂದು ನಿದ್ದೆಗೆಟ್ಟಿದ್ದಳೇ, ಪರೀಕ್ಷಕರ ಪರಿಚಯವಿತ್ತೇ, ಬಳಸಿದ ಪರೀಕ್ಷೆ ಒಂದೇ ಆಗಿತ್ತೇ ಎಂಬುದೆಲ್ಲ ಆ ಅಂಕದೊಳಗೆ ಸೇರಿಹೋಗಿರುತ್ತದೆ. ಬುದ್ಧಿಶಕ್ತಿಯ ಮೊದಲ ವ್ಯವಸ್ಥಿತ ಪರೀಕ್ಷೆಯನ್ನು 1905ರಲ್ಲಿ ಫ್ರಾನ್ಸಿನ ಆಲ್‌ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೋನ್ ರೂಪಿಸಿದ್ದು ಶಾಲೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸಲೆಂದು; ಮಗುವಿನ ಹಣೆಗೆ ಶಾಶ್ವತವಾದ ಅಂಕಿಯೊಂದನ್ನು ಅಂಟಿಸಲೆಂದಲ್ಲ.

ಹಳೆಯ ವಿಂಗಡಣೆಯ ಪ್ರಕಾರ 50ರಿಂದ 70ರ ಆಸುಪಾಸು ಸೌಮ್ಯ, 35ರಿಂದ 50 ಮಧ್ಯಮ, 20ರಿಂದ 35 ತೀವ್ರ, ಅದಕ್ಕೂ ಕೆಳಗೆ ಅತಿತೀವ್ರ. ಬುದ್ಧಿಮಾಂದ್ಯತೆ ಇರುವವರಲ್ಲಿ ನೂರಕ್ಕೆ ಸುಮಾರು 85 ಮಂದಿ ಸೌಮ್ಯ ಗುಂಪಿನವರೇ. ಹೆಸರುಗಳು ಈಗಲೂ ಅವೇ. ಆದರೆ 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗನಿರ್ಣಯ ಕೈಪಿಡಿಯನ್ನು ಪರಿಷ್ಕರಿಸಿದಾಗ, ಮಟ್ಟವನ್ನು ನಿರ್ಧರಿಸಬೇಕಾದದ್ದು ಅಂಕದಿಂದಲ್ಲ, ದೈನಂದಿನ ನಿರ್ವಹಣೆಯಿಂದ ಎಂದು ಬದಲಿಸಿತು. ನನ್ನ ಅಭಿಪ್ರಾಯದಲ್ಲಿ ಇದು ಬಹಳ ಹಿಂದೆಯೇ ಆಗಬೇಕಿದ್ದ ಬದಲಾವಣೆ. 58 ಬಂದ ಮಗುವೊಂದು ಗಡಿಯಾರ ನೋಡಿ ಹೊರಡುವುದನ್ನು, ಚಿಲ್ಲರೆ ಎಣಿಸುವುದನ್ನು, ಅಪರಿಚಿತರು ಕರೆದರೆ ಹೋಗಬಾರದೆಂಬುದನ್ನು ಕಲಿತಿರುತ್ತದೆ; 66 ಬಂದ ಇನ್ನೊಂದು ಮಗು ಅಂಗಿಯ ಗುಂಡಿಗೂ ತಾಯಿಯನ್ನೇ ಕಾಯುತ್ತಿರುತ್ತದೆ. ಹೆಚ್ಚು ನೆರವು ಯಾರಿಗೆ ಬೇಕೆಂಬುದನ್ನು ಅಂಕ ತಲೆಕೆಳಗಾಗಿ ಹೇಳುತ್ತಿದೆ.

ಸೌಮ್ಯ ಮಟ್ಟದವರು ಸಾಮಾನ್ಯವಾಗಿ ಓದುಬರಹದ ಪ್ರಾಥಮಿಕ ಹಂತ ತಲಪಿ, ದೊಡ್ಡವರಾದ ಮೇಲೆ ಹಣಕಾಸು, ಕಾನೂನು ವ್ಯವಹಾರಗಳಲ್ಲಿ ಒತ್ತಾಸೆಯಿದ್ದರೆ ದುಡಿದು ಬಾಳುತ್ತಾರೆ. ಮಧ್ಯಮ ಮಟ್ಟದವರಿಗೆ ತಮ್ಮ ಕೆಲಸ ತಾವು ಮಾಡಿಕೊಳ್ಳಲು ದೀರ್ಘ ತರಬೇತಿ ಬೇಕು. ಉಳಿದೆರಡು ಮಟ್ಟಗಳಲ್ಲಿ ನಿತ್ಯದ ಆರೈಕೆಗೆ ಇನ್ನೊಬ್ಬರು ಇರಲೇಬೇಕಾಗುತ್ತದೆ, ಜೊತೆಗೆ ಮೂರ್ಛೆ, ಚಲನೆಯ ತೊಂದರೆಗಳೂ ಹೆಚ್ಚು. ಮಗಳು ಎರಡು ವರ್ಷದಲ್ಲಿ ಹೊಸದಾಗಿ ಏನೇನು ಕಲಿತಳೆಂದು ಬರೆದಿಟ್ಟುಕೊಳ್ಳಿ. ನಿಮ್ಮ ಪ್ರಶ್ನೆಗೆ ಉತ್ತರ ಆ ಪಟ್ಟಿಯಲ್ಲಿದೆ.

ಪ್ರಶ್ನೆ: ನನಗೆ 26 ವರ್ಷ. ಮಗುವಿಗೆ ಡೌನ್ ಸಿಂಡ್ರೋಮ್ ಇದೆಯೆಂದು ಗೊತ್ತಾಗಿದೆ. ಇದು ವಯಸ್ಸಾದ ತಾಯಂದಿರ ಮಕ್ಕಳಿಗೆ ಬರುವುದಲ್ಲವೇ? ನಮ್ಮ ಎರಡೂ ಕುಟುಂಬಗಳಲ್ಲಿ ಯಾರಿಗೂ ಇಲ್ಲ. ಇನ್ನೊಂದು ಮಗುವಿಗೂ ಹೀಗಾಗಬಹುದೇ?

ಉತ್ತರ: ತಾಯಿಯ ವಯಸ್ಸು ಏರಿದಂತೆ ಸಾಧ್ಯತೆ ಏರುವುದು ನಿಜ: 35ರ ವಯಸ್ಸಿನಲ್ಲಿ ಸುಮಾರು 350 ಹೆರಿಗೆಗಳಿಗೆ ಒಂದು, 40ರಲ್ಲಿ ಸುಮಾರು ನೂರಕ್ಕೆ ಒಂದು. ಇಪ್ಪತ್ತರ ಹರೆಯದಲ್ಲಿ ಅದು ಸಾವಿರಕ್ಕೂ ಹೆಚ್ಚು ಹೆರಿಗೆಗಳಿಗೆ ಒಂದು. ಕಡಿಮೆಯೇ ಹೊರತು ಸೊನ್ನೆಯಲ್ಲ. ಕಿರಿಯ ತಾಯಂದಿರ ಹೆರಿಗೆಗಳ ಒಟ್ಟು ಸಂಖ್ಯೆಯೇ ದೊಡ್ಡದಾದ್ದರಿಂದ, ಗರ್ಭಾವಸ್ಥೆಯ ತಪಾಸಣೆ ವ್ಯಾಪಕವಾಗಿಲ್ಲದಲ್ಲಿ ಈ ಮಕ್ಕಳಲ್ಲಿ ಹೆಚ್ಚಿನವರು 35 ತುಂಬದ ತಾಯಂದಿರಿಗೇ ಹುಟ್ಟುತ್ತಾರೆ.

ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್‌ಡನ್ ಡೌನ್ ಈ ಲಕ್ಷಣಗಳನ್ನು ವಿವರಿಸಿದ್ದು 1866ರಲ್ಲಿ. ಕಾರಣ ತಿಳಿಯಲು 1959ರವರೆಗೆ ಕಾಯಬೇಕಾಯಿತು. ಫ್ರಾನ್ಸಿನ ಜೆರೋಮ್ ಲೆಜೂನ್, ಮಾರ್ಥ್ ಗೋಟಿಯೆ ಮತ್ತು ಸಂಗಡಿಗರು ಈ ಮಕ್ಕಳ ಜೀವಕೋಶಗಳಲ್ಲಿ ವಂಶವಾಹಿಗಳನ್ನು ಹೊತ್ತಿರುವ ಎಳೆಗಳು, ಅಂದರೆ ವರ್ಣತಂತುಗಳು, 46ರ ಬದಲು 47 ಇರುವುದನ್ನು, ಹೆಚ್ಚುವರಿಯಾಗಿರುವುದು ಇಪ್ಪತ್ತೊಂದನೆಯದೆಂಬುದನ್ನು ತೋರಿಸಿದರು. ನೂರಕ್ಕೆ ಸುಮಾರು 95 ಮಕ್ಕಳಲ್ಲಿ ಆಗಿರುವುದು ಇದೇ. ಅಂಡಾಣು ಅಥವಾ ವೀರ್ಯಾಣು ರೂಪುಗೊಳ್ಳುವಾಗ ವರ್ಣತಂತುಗಳು ಸರಿಯಾಗಿ ಬೇರ್ಪಡದೆ ಒಂದು ಹೆಚ್ಚಾಗಿ ಬರುತ್ತದೆ. ನೀವು ಏನನ್ನೋ ಮಾಡಿದ್ದರಿಂದ ಅಥವಾ ಮಾಡದೆ ಬಿಟ್ಟಿದ್ದರಿಂದ ಆದದ್ದಲ್ಲ. ಕುಟುಂಬದಲ್ಲಿ ಯಾರಿಗೂ ಇಲ್ಲದಿರುವುದರಲ್ಲೂ ಅಚ್ಚರಿಯಿಲ್ಲ.

ಇನ್ನೊಂದು ಮಗುವಿನ ವಿಷಯಕ್ಕೆ ಬಂದರೆ, ಮಗುವಿನ ವರ್ಣತಂತು ಪರೀಕ್ಷೆಯ ವರದಿಯನ್ನು ತೆಗೆದು ನೋಡಿ. ಬಿಡಿಯಾದ ಹೆಚ್ಚುವರಿ ವರ್ಣತಂತು ಇದ್ದರೆ, ನಿಮ್ಮ ವಯಸ್ಸಿನಲ್ಲಿ ಮರುಕಳಿಸುವ ಸಾಧ್ಯತೆ ನೂರಕ್ಕೆ ಒಂದರ ಆಸುಪಾಸು. ಶೇಕಡ ಮೂರು, ನಾಲ್ಕು ಮಕ್ಕಳಲ್ಲಿ ಮಾತ್ರ ಹೆಚ್ಚುವರಿ ಭಾಗ ಇನ್ನೊಂದು ವರ್ಣತಂತುವಿಗೆ ಅಂಟಿಕೊಂಡಿರುತ್ತದೆ. ವರದಿಯಲ್ಲಿ ‘ಟ್ರಾನ್ಸ್‌ಲೊಕೇಶನ್’ ಎಂದಿದ್ದರೆ ತಂದೆ-ತಾಯಿ ಇಬ್ಬರ ವರ್ಣತಂತುಗಳನ್ನೂ ಪರೀಕ್ಷಿಸಲೇಬೇಕು, ಏಕೆಂದರೆ ಇವರಲ್ಲಿ ಒಂದು ಪಾಲಿನಲ್ಲಿ ಆರೋಗ್ಯವಂತರಾದ ತಂದೆಯೋ ತಾಯಿಯೋ ಅದನ್ನು ಹೊತ್ತಿರುತ್ತಾರೆ ಮತ್ತು ಆಗ ಮರುಕಳಿಸುವ ಲೆಕ್ಕವೇ ಬೇರೆ. ಇನ್ನು ಕೆಲವೇ ಮಕ್ಕಳಲ್ಲಿ ಒಂದಷ್ಟು ಕೋಶಗಳಲ್ಲಷ್ಟೇ ವ್ಯತ್ಯಾಸವಿರುವ ‘ಮೊಸಾಯಿಕ್’ ಬಗೆ ಕಾಣುತ್ತದೆ.

ಡೌನ್ ಸಿಂಡ್ರೋಮ್ ಇರುವವರಲ್ಲಿ ಹೆಚ್ಚಿನವರ ಬುದ್ಧಿಮಾಂದ್ಯತೆ ಸೌಮ್ಯ ಅಥವಾ ಮಧ್ಯಮ ಮಟ್ಟದ್ದು. ಸದ್ಯಕ್ಕೆ ನಿಮ್ಮ ಗಮನ ಮಗುವಿನ ಹೃದಯದ ಮೇಲಿರಲಿ. ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಹುಟ್ಟಿನಿಂದಲೇ ಹೃದಯದ ದೋಷವಿರುತ್ತದೆ. ಹೊರಗಿನಿಂದ ಕಾಣದಿದ್ದರೂ ಎಕೋ ಪರೀಕ್ಷೆ ತಪ್ಪಿಸಬೇಡಿ. ಥೈರಾಯ್ಡ್, ಕಿವಿ, ಕಣ್ಣುಗಳ ತಪಾಸಣೆ ಕಾಲಕಾಲಕ್ಕೆ ಜೀವನಪೂರ್ತಿ ನಡೆಯಲಿ.

ಪ್ರಶ್ನೆ: ನನ್ನ ಇಬ್ಬರು ಅಣ್ಣಂದಿರಿಗೂ ಬುದ್ಧಿಮಾಂದ್ಯತೆ ಇದೆ. ಕಾರಣ ಏನೆಂದು ಯಾರೂ ಹುಡುಕಿಲ್ಲ. ಅವರ ತಂಗಿಯಾದ ನಾನು ಪದವಿ ಮುಗಿಸಿ ಕೆಲಸದಲ್ಲಿದ್ದೇನೆ, ಮದುವೆ ನಿಶ್ಚಯವಾಗಿದೆ. ನಾನು ಪರೀಕ್ಷೆ ಮಾಡಿಸಿಕೊಳ್ಳಬೇಕೇ?

ಉತ್ತರ: ಮಾಡಿಸಬೇಕು, ಆದರೆ ಆರಂಭವಾಗಬೇಕಾದದ್ದು ನಿಮ್ಮಿಂದಲ್ಲ, ಅಣ್ಣಂದಿರಲ್ಲಿ ಒಬ್ಬರಿಂದ. ಅವರಲ್ಲಿರುವ ದೋಷ ಇಂಥದ್ದೆಂದು ಗೊತ್ತಾದರೆ ನಿಮ್ಮಲ್ಲಿ ಅದೊಂದನ್ನೇ ನೋಡಿ ಖಚಿತವಾಗಿ ಹೇಳಬಹುದು. ಅದು ಗೊತ್ತಿಲ್ಲದೆ ನಿಮ್ಮನ್ನು ಪರೀಕ್ಷಿಸಿ ‘ಏನೂ ಸಿಗಲಿಲ್ಲ’ ಎಂದರೆ ಅದರಿಂದ ಹೆಚ್ಚಿನ ನೆಮ್ಮದಿಯೇನೂ ಸಿಗದು.

ಗಂಡುಮಕ್ಕಳಲ್ಲಿ ಹೀಗೆ ಕಂಡಾಗ ಎಕ್ಸ್ ವರ್ಣತಂತುವಿನ ಕಡೆ ನೋಡುತ್ತೇವೆ. ಗಂಡಿನಲ್ಲಿ ಎಕ್ಸ್ ಒಂದೇ ಇರುವುದರಿಂದ ಅದರಲ್ಲಿನ ದೋಷವನ್ನು ಸರಿದೂಗಿಸಲು ಇನ್ನೊಂದಿರುವುದಿಲ್ಲ. ಈ ಗುಂಪಿನಲ್ಲಿ ಪ್ರಮುಖವಾದದ್ದು ಫ್ರಜೈಲ್ ಎಕ್ಸ್ ಸಿಂಡ್ರೋಮ್. ವಂಶಪಾರಂಪರ್ಯವಾಗಿ ಇಳಿದುಬರುವ ಬುದ್ಧಿಮಾಂದ್ಯತೆಗೆ ಇದಕ್ಕಿಂತ ಸಾಮಾನ್ಯವಾದ ಒಂಟಿ ಕಾರಣ ಇನ್ನೊಂದಿಲ್ಲ. 1991ರಲ್ಲಿ ಗುರುತಿಸಲಾದ ಎಫ್‌ಎಂಆರ್1 ಎಂಬ ವಂಶವಾಹಿಯಲ್ಲಿ ಸಿಜಿಜಿ ಎಂಬ ಮೂರಕ್ಷರದ ತುಣುಕು ಮತ್ತೆ ಮತ್ತೆ ಬರುತ್ತದೆ. ಸುಮಾರು 45ಕ್ಕಿಂತ ಕಡಿಮೆ ಸಲ ಬಂದರೆ ಸಹಜ. 55ರಿಂದ 200ರವರೆಗೆ ಬಂದರೆ ಅವರು ವಾಹಕರು. 200 ದಾಟಿದರೆ ವಂಶವಾಹಿ ಮೌನವಾಗಿಬಿಡುತ್ತದೆ, ಮಿದುಳಿಗೆ ಬೇಕಾದ ಪ್ರೋಟೀನು ತಯಾರಾಗುವುದಿಲ್ಲ. ತಾಯಿಯಿಂದ ಮಗುವಿಗೆ ದಾಟುವಾಗ ಈ ಸಂಖ್ಯೆ ಹಿಗ್ಗಬಲ್ಲದು. ಆದ್ದರಿಂದಲೇ ತಾನು ಚುರುಕಾಗಿರುವ ತಾಯಿಗೆ ಇಂಥ ಮಕ್ಕಳು ಹುಟ್ಟುವುದು. ತಂದೆ ವಾಹಕನಾಗಿದ್ದರೆ ಎಲ್ಲ ಹೆಣ್ಣುಮಕ್ಕಳೂ ವಾಹಕರಾಗುತ್ತಾರೆ, ಗಂಡುಮಕ್ಕಳಿಗೆ ಅದು ದಾಟುವುದಿಲ್ಲ.

ನಿಮ್ಮ ಅಣ್ಣಂದಿರ ಮುಖ ಉದ್ದವಾಗಿ, ಕಿವಿಗಳು ಅಗಲವಾಗಿದ್ದು, ಮಾತಾಡಿಸಿದಾಗ ದೃಷ್ಟಿ ತಪ್ಪಿಸುವುದು, ಹೇಳಿದ್ದನ್ನೇ ಹೇಳುವುದು, ಕೈ ಬಡಿಯುವುದು ಕಾಣುತ್ತಿದ್ದರೆ ಅನುಮಾನ ಬಲವಾಗುತ್ತದೆ. ಇವೊಂದೂ ಇಲ್ಲದೆಯೂ ಇರಬಹುದು. ಇಲ್ಲೊಂದು ಎಚ್ಚರಿಕೆ: ಸೂಕ್ಷ್ಮದರ್ಶಕದಲ್ಲಿ ವರ್ಣತಂತು ಎಣಿಸುವ ಸಾಮಾನ್ಯ ಪರೀಕ್ಷೆಯನ್ನಾಗಲಿ, ಮೈಕ್ರೋಅರೇ ಎಂಬ ಹೊಸ ಪರೀಕ್ಷೆಯನ್ನಾಗಲಿ ನೆಚ್ಚಿ ಫ್ರಜೈಲ್ ಎಕ್ಸ್ ಇಲ್ಲ ಎನ್ನಲಾಗದು. ಅದಕ್ಕೆಂದೇ ಇರುವ ಡಿಎನ್‌ಎ ಪರೀಕ್ಷೆಯನ್ನು ಹೆಸರಿಸಿ ಕೇಳಬೇಕು. ಅದರಲ್ಲಿ ದೋಷ ಕಂಡರೆ ನಿಮಗೆ ಆ ಎಕ್ಸ್ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಬಂದಿದ್ದರೆ, ನಿಮ್ಮ ಮಕ್ಕಳಿಗೆ ದಾಟುವ ಸಾಧ್ಯತೆಯೂ ಪ್ರತಿ ಗರ್ಭದಲ್ಲಿ ಅರ್ಧಕ್ಕರ್ಧ, ಮತ್ತು ಗರ್ಭಾವಸ್ಥೆಯಲ್ಲೇ ಪರೀಕ್ಷಿಸಲು ಅವಕಾಶವಿದೆ. ವಾಹಕ ಸ್ತ್ರೀಯರಲ್ಲಿ ಕೆಲವರ ಮುಟ್ಟು ನಲವತ್ತಕ್ಕೆ ಮೊದಲೇ ನಿಲ್ಲುವುದರಿಂದ ಮಕ್ಕಳ ವಿಚಾರದಲ್ಲಿ ವಿಳಂಬ ಬೇಡವೆಂಬ ಸಲಹೆಯೂ ಬರಬಹುದು.

ಅಣ್ಣಂದಿರಲ್ಲಿ ಇದು ಕಾಣದಿದ್ದರೆ ಎಕ್ಸ್ ವರ್ಣತಂತುವಿನ ಬೇರೆ ವಂಶವಾಹಿಗಳ ದೋಷವೋ, ತಂದೆ-ತಾಯಿ ಇಬ್ಬರಿಂದಲೂ ಒಂದೊಂದು ದೋಷಯುಕ್ತ ಪ್ರತಿ ಬಂದಾಗ ತಲೆದೋರುವ ಕಾಯಿಲೆಯೋ ಎಂದು ನೋಡುತ್ತಾರೆ. ಈ ಎರಡನೆಯ ಬಗೆಯಲ್ಲಿ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಸಾಧ್ಯತೆ; ತಂದೆ-ತಾಯಿ ರಕ್ತಸಂಬಂಧಿಗಳಾಗಿದ್ದರೆ ಇದರ ಸಂಭವ ಹೆಚ್ಚು.

ಪ್ರಶ್ನೆ: ನವಜಾತ ಶಿಶುವಿನ ಹಿಮ್ಮಡಿ ಚುಚ್ಚಿ ರಕ್ತ ತೆಗೆದದ್ದು ಬುದ್ಧಿಮಾಂದ್ಯತೆ ತಡೆಯಲು ಎಂದರು. ಆರೋಗ್ಯವಾಗಿರುವ ಮಗುವಿಗೆ ಇದೇಕೆ?

ಉತ್ತರ: ಮಗು ಆರೋಗ್ಯವಾಗಿ ಕಾಣುವುದರಿಂದಲೇ. 1934ರಲ್ಲಿ ನಾರ್ವೆಯ ವೈದ್ಯ ಆಸ್ಬ್ಯೋರ್ನ್ ಫೊಲಿಂಗ್ ಬಳಿಗೆ ತಾಯಿಯೊಬ್ಬಳು ತನ್ನಿಬ್ಬರು ಬುದ್ಧಿಮಾಂದ್ಯ ಮಕ್ಕಳನ್ನು ಕರೆತಂದಳು. ಮಕ್ಕಳ ಮೈಯಿಂದ ಒಂದು ವಿಚಿತ್ರ ವಾಸನೆ ಬರುತ್ತದೆಂಬ ಅವಳ ದೂರನ್ನು ಆತ ತಳ್ಳಿಹಾಕಲಿಲ್ಲ. ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಬೆರೆಸಿದಾಗ ಅದು ಎಂದಿನಂತಿರದೆ ಹಸಿರಾಯಿತು. ಆಹಾರದ ಪ್ರೋಟೀನಿನಲ್ಲಿರುವ ಫಿನೈಲ್ಅಲನಿನ್ ಎಂಬ ಅಂಶವನ್ನು ಅರಗಿಸಲಾಗದೆ ಅದು ರಕ್ತದಲ್ಲಿ ಸೇರುತ್ತ ಹೋಗಿ ಮಿದುಳನ್ನು ಕೆಡಿಸುವ ಫಿನೈಲ್‌ಕೀಟೋನೂರಿಯಾ ಪತ್ತೆಯಾದದ್ದು ಹೀಗೆ. ಆ ಅಂಶ ಮಿತಿಯಲ್ಲಿರುವ ಆಹಾರವನ್ನು ಹುಟ್ಟಿದ ಮೊದಲ ವಾರಗಳಲ್ಲೇ ಆರಂಭಿಸಿದರೆ ಮಗು ಸಹಜವಾಗಿ ಬೆಳೆಯುತ್ತದೆ. ವರ್ಷ ಕಳೆದ ಮೇಲೆ ಆರಂಭಿಸಿದರೆ ಆಗಿಹೋದ ಹಾನಿ ಪೂರ್ತಿ ಮರಳದು. ಕಾಗದದ ಮೇಲೆ ಒಣಗಿಸಿದ ರಕ್ತದ ಹನಿಯಿಂದಲೇ ಇದನ್ನು ಕಂಡುಹಿಡಿಯುವ ವಿಧಾನವನ್ನು 1960ರ ದಶಕದ ಆರಂಭದಲ್ಲಿ ರೂಪಿಸಿದವರು ಅಮೆರಿಕದ ರಾಬರ್ಟ್ ಗಥ್ರಿ. ಅವರ ಮಗನಿಗೇ ಬುದ್ಧಿಮಾಂದ್ಯತೆಯಿತ್ತು.

ಅದೇ ಹನಿಯಲ್ಲಿ ನೋಡುವ ಇನ್ನೂ ಮುಖ್ಯ ಸಂಗತಿ ಥೈರಾಯ್ಡ್. ಎರಡರಿಂದ ನಾಲ್ಕು ಸಾವಿರ ಶಿಶುಗಳಲ್ಲಿ ಒಂದಕ್ಕೆ ಹುಟ್ಟಿನಿಂದಲೇ ಈ ಗ್ರಂಥಿ ಸಾಕಷ್ಟು ಕೆಲಸ ಮಾಡುವುದಿಲ್ಲ. ದಿನಕ್ಕೊಂದು ಮಾತ್ರೆಯನ್ನು ಮೊದಲ ಎರಡು ವಾರದೊಳಗೆ ಶುರುಮಾಡಿದರೆ ಬುದ್ಧಿಗೆ ಕುಂದು ಬಾರದಂತೆ ತಡೆಯಬಹುದು. ಕಾರಣಗಳ ಈ ಉದ್ದನೆಯ ಪಟ್ಟಿಯಲ್ಲಿ ಇಷ್ಟು ಅಗ್ಗದ, ಇಷ್ಟು ಸಮರ್ಪಕವಾದ ಪರಿಹಾರ ಇರುವುದು ಕೆಲವೇ ಕಡೆ. ಅಂಥದ್ದನ್ನು ಕೈತಪ್ಪಿ ಬಿಡುವುದು ಕ್ಷಮಿಸಲಾಗದ ಮಾತು. ರಕ್ತ ತೆಗೆಯುವುದು ಸಾಮಾನ್ಯವಾಗಿ ಹುಟ್ಟಿದ 24ರಿಂದ 72 ಗಂಟೆಗಳ ನಡುವೆ. ವರದಿ ಬಂದಿತೇ ಎಂದು ನೀವೇ ಕೇಳಿ ತಿಳಿದುಕೊಳ್ಳಿ. ಗರ್ಭಿಣಿಗೆ ಅಯೋಡಿನ್ ತೀರ ಕಡಿಮೆಯಾದರೂ ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೆ ಇದೇ ಬಗೆಯ ಪೆಟ್ಟು ಬೀಳುತ್ತದೆ. ತಡೆಯಬಹುದಾದ ಮಿದುಳು ಹಾನಿಗೆ ಜಗತ್ತಿನಲ್ಲಿ ಇದು ಬಹು ದೊಡ್ಡ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿದೆ, ತಡೆಯಲು ಅಯೋಡಿನ್ ಬೆರೆಸಿದ ಉಪ್ಪು ಸಾಕು.

ಪ್ರಶ್ನೆ: ಹೆರಿಗೆಯಲ್ಲಿ ಮಗು ತಡವಾಗಿ ಅತ್ತಿತು. ಈಗ ಆರು ವರ್ಷದ ಅವನಿಗೆ ಮಧ್ಯಮ ಬುದ್ಧಿಮಾಂದ್ಯತೆ ಎಂದಿದ್ದಾರೆ. ಅದೇ ಕಾರಣವೇ? ನಾನು ಬೇಗ ಆಸ್ಪತ್ರೆಗೆ ಹೊರಟಿದ್ದರೆ ತಪ್ಪುತ್ತಿತ್ತೇ?

ಉತ್ತರ: ಹೆರಿಗೆಯ ದಿನವನ್ನೇ ಕಾರಣವೆಂದು ಹಿಡಿಯುವುದು ಸುಲಭ, ಎಲ್ಲರಿಗೂ ನೆನಪಿರುವುದು ಆ ದಿನವೇ. ಆಮ್ಲಜನಕದ ಕೊರತೆಯಿಂದ ಮಿದುಳಿಗೆ ನಿಜವಾಗಿ ಪೆಟ್ಟಾಗಿದ್ದರೆ ಅದರ ಗುರುತುಗಳು ಮೊದಲ ಒಂದೆರಡು ದಿನಗಳಲ್ಲೇ ಕಾಣುತ್ತವೆ: ಮಗು ಮಂಕಾಗಿರುತ್ತದೆ, ಮೈ ಜೋತುಬಿದ್ದಿರುತ್ತದೆ, ಹಾಲು ಚೀಪುವುದಿಲ್ಲ, ಫಿಟ್ಸ್ ಬರಬಹುದು. ತಡವಾಗಿ ಅತ್ತರೂ ಅಂದೇ ಚೆನ್ನಾಗಿ ಹಾಲು ಕುಡಿದು, ಎಚ್ಚರವಾಗಿದ್ದು, ತಾಯಿಯ ಜೊತೆಗೇ ಮನೆಗೆ ಬಂದ ಮಗುವಿನಲ್ಲಿ ಆರು ವರ್ಷದ ನಂತರ ಕಂಡ ಬುದ್ಧಿಮಾಂದ್ಯತೆಗೆ ಆ ಅಳುವನ್ನು ಹೊಣೆಮಾಡಲು ನಾನು ಒಪ್ಪುವುದಿಲ್ಲ. ಅಂಥ ಪೆಟ್ಟಾದಾಗ ಬುದ್ಧಿಯೊಂದೇ ಕುಂದುವುದೂ ಕಡಿಮೆ. ಕೈಕಾಲುಗಳ ಬಿಗಿತ, ಚಲನೆಯ ತೊಂದರೆ ಹೆಚ್ಚಾಗಿ ಜೊತೆಗಿರುತ್ತವೆ. ಎಷ್ಟೋ ಸಲ ಸಂಬಂಧ ತಿರುಗುಮುರುಗಾಗಿರುತ್ತದೆ: ಗರ್ಭದಲ್ಲೇ ಮಿದುಳಿನ ಬೆಳವಣಿಗೆ ಬೇರೆಯಾಗಿದ್ದ ಮಗುವೇ ಹುಟ್ಟುವಾಗ ಕಷ್ಟಪಡುತ್ತದೆ. ಬಿಡುಗಡೆಯ ಸಮಯದಲ್ಲಿ ಆಸ್ಪತ್ರೆ ಕೊಟ್ಟ ಸಾರಾಂಶ ನಿಮ್ಮಲ್ಲಿದ್ದರೆ ಮಕ್ಕಳ ನರರೋಗ ತಜ್ಞರಿಗೆ ತೋರಿಸಿ. ಅದರಲ್ಲಿರುವ ಮೊದಲ ಮೂರು ದಿನಗಳ ವಿವರ ನಿಮ್ಮ ನೆನಪಿಗಿಂತ ಹೆಚ್ಚು ಉಪಯುಕ್ತ.

ಹುಟ್ಟುವ ಮುನ್ನಿನ ಕಾರಣಗಳಲ್ಲಿ ವಂಶವಾಹಿಗಳಲ್ಲದೆ ಸೋಂಕುಗಳೂ ಇವೆ. ಗರ್ಭಿಣಿಗೆ ರುಬೆಲ್ಲಾ ತಗುಲಿದರೆ ಮಗುವಿಗೆ ಹಾನಿಯೆಂಬುದನ್ನು 1941ರಲ್ಲಿ ಮೊದಲು ಗಮನಿಸಿದವರು ಆಸ್ಟ್ರೇಲಿಯಾದ ನೇತ್ರವೈದ್ಯ ನಾರ್ಮನ್ ಗ್ರೆಗ್. ಈಗ ಅದಕ್ಕೆ ಲಸಿಕೆಯಿದೆ. ಸೈಟೊಮೆಗಾಲೊ ವೈರಸ್ ಇನ್ನೂ ಸಾಮಾನ್ಯ, ಆದರೆ ತಾಯಿಗೆ ಬಂದುಹೋದದ್ದೇ ತಿಳಿಯುವುದಿಲ್ಲ. ಗರ್ಭಾವಸ್ಥೆಯಲ್ಲಿ ಮದ್ಯಕ್ಕೆ ಸುರಕ್ಷಿತವೆನ್ನಬಹುದಾದ ಪ್ರಮಾಣವಿಲ್ಲ. ಮೂರ್ಛೆರೋಗಕ್ಕೆ ಕೊಡುವ ವಾಲ್‌ಪ್ರೋಯೇಟ್ ಕೂಡ ಮಗುವಿನ ಬುದ್ಧಿಯನ್ನು ಕುಗ್ಗಿಸಬಲ್ಲದು. ಹಾಗೆಂದು ಅದನ್ನು ತಟ್ಟನೆ ನಿಲ್ಲಿಸುವುದು ಅಪಾಯಕರ, ಗರ್ಭ ಧರಿಸುವ ಮೊದಲೇ ವೈದ್ಯರೊಡನೆ ಮಾತಾಡಿ ಬದಲಿಸಬೇಕು. ಹುಟ್ಟಿದ ನಂತರ ಮಿದುಳುಜ್ವರ, ತಲೆಗೆ ಬೀಳುವ ಬಲವಾದ ಪೆಟ್ಟು, ಸೀಸದ ವಿಷ, ಶೈಶವದ ತೀವ್ರ ಅಪೌಷ್ಟಿಕತೆ ಕಾರಣವಾಗಬಹುದು.

ಪ್ರಶ್ನೆ: ಆಟಿಸಂ ಎಂದರೂ ಬುದ್ಧಿಮಾಂದ್ಯತೆ ಎಂದರೂ ಒಂದೇ ಅಲ್ಲವೇ?

ಉತ್ತರ: ಅಲ್ಲ. ಆಟಿಸಂನಲ್ಲಿ ಮುಖ್ಯ ತೊಡಕು ಇತರರೊಡನೆ ಸಂವಹನದಲ್ಲಿ ಮತ್ತು ಒಂದೇ ಬಗೆಯ ನಡವಳಿಕೆಯಲ್ಲಿ. ಆಟಿಸಂ ಇರುವವರಲ್ಲಿ ಸುಮಾರು ಮೂರನೆಯ ಒಂದು ಭಾಗದವರಿಗೆ ಬುದ್ಧಿಮಾಂದ್ಯತೆಯೂ ಇರುತ್ತದೆ, ಉಳಿದವರಿಗಿಲ್ಲ. ಓದುವುದರಲ್ಲೋ ಲೆಕ್ಕದಲ್ಲೋ ಮಾತ್ರ ಹಿಂದುಳಿದು ಉಳಿದೆಲ್ಲದರಲ್ಲಿ ಚುರುಕಾಗಿರುವ ಮಗುವಿನದು ಕಲಿಕೆಯ ನ್ಯೂನತೆ, ಅದೂ ಬೇರೆ.

ಪ್ರಶ್ನೆ: ಎಂಆರ್‌ಐ, ಇಇಜಿ ಎಲ್ಲ ಸರಿಯಿದೆ ಎಂದು ಬಂತು. ವರ್ಣತಂತುವಿನಲ್ಲೂ ಏನೂ ಇಲ್ಲ. ಹಾಗಾದರೆ ಕಾರಣವೇ ಇಲ್ಲವೇ? ಮಿದುಳಿಗೆ ಟಾನಿಕ್ ಕೊಡಬಹುದೇ?

ಉತ್ತರ: ಟಾನಿಕ್‌ನ ಮಾತು ಮೊದಲು ಮುಗಿಸಿಬಿಡುತ್ತೇನೆ. ಬುದ್ಧಿಮಾಂದ್ಯತೆಯನ್ನು ಹೋಗಲಾಡಿಸುವ ಟಾನಿಕ್ ಯಾವುದೂ ಇಲ್ಲ. ಆ ಹಣವನ್ನು ಮಾತಿನ ತರಬೇತಿಗೆ ಇಡಿ.

ಎಂಆರ್‌ಐ ತೋರಿಸುವುದು ಮಿದುಳಿನ ರಚನೆಯನ್ನು. ರಚನೆ ಸರಿಯಿದ್ದು ಕೆಲಸದಲ್ಲಿ ವ್ಯತ್ಯಾಸವಿರುವ ಮಕ್ಕಳು ಬಹಳ. ವರ್ಣತಂತುಗಳ ಎಣಿಕೆ ಸರಿಯಿದ್ದರೂ ಅವುಗಳ ಚಿಕ್ಕ ತುಣುಕೊಂದು ಬಿಟ್ಟುಹೋಗಿರಬಹುದು ಅಥವಾ ಇಮ್ಮಡಿಯಾಗಿರಬಹುದು. ಅದನ್ನು ನೋಡುವುದು ಮೈಕ್ರೋಅರೇ. ಒಂದೇ ವಂಶವಾಹಿಯ ಅಕ್ಷರದೋಷವನ್ನು ಹುಡುಕುವುದು ಎಕ್ಸೋಮ್ ಪರೀಕ್ಷೆ. ಇವೆರಡೂ ಆದಮೇಲೂ ಎಷ್ಟೋ ಮಕ್ಕಳಲ್ಲಿ, ಅದರಲ್ಲೂ ಸೌಮ್ಯ ಮಟ್ಟದವರಲ್ಲಿ, ಕಾರಣ ಹೊರಬೀಳುವುದಿಲ್ಲ. ತರಬೇತಿಯೇನೂ ಅದಕ್ಕಾಗಿ ಕಾಯಬೇಕಿಲ್ಲ: ಮಾತು, ಸ್ವಂತ ಕೆಲಸ, ಶಾಲೆಯ ನೆರವು ಇವೆಲ್ಲ ನಿಂತಿರುವುದು ಮಗುವಿನ ಮಟ್ಟದ ಮೇಲೆ, ಕಾರಣದ ಹೆಸರಿನ ಮೇಲಲ್ಲ. ಕಲಿತದ್ದನ್ನು ಮಗು ಮರೆಯುತ್ತ ಬಂದರೆ ಮಾತ್ರ, ಅಂದರೆ ಆಡುತ್ತಿದ್ದ ಮಾತು ನಿಂತರೆ, ಹತ್ತುತ್ತಿದ್ದ ಮೆಟ್ಟಿಲಲ್ಲಿ ಎಡವತೊಡಗಿದರೆ, ಹಳೆಯ ವರದಿಗಳನ್ನು ನೆಚ್ಚಿ ಕೂರದೆ ಕೂಡಲೇ ತೋರಿಸಿ. ಬುದ್ಧಿಮಾಂದ್ಯತೆಯಲ್ಲಿ ಕಲಿಕೆ ನಿಧಾನವಾಗುತ್ತದೆ, ಹಿಂದೆ ಸರಿಯುವುದಿಲ್ಲ. ಹಿಂದೆ ಸರಿಯುತ್ತಿದ್ದರೆ ಅದು ಬೇರೊಂದು ಕಾಯಿಲೆಯ ಸೂಚನೆ. ಎಕ್ಸೋಮ್ ಪರೀಕ್ಷೆ ಮಾಡಿಸಿದವರು ಅದರ ಮೂಲ ದತ್ತಾಂಶವನ್ನು ಕೇಳಿ ಪಡೆದು ಜೋಪಾನವಾಗಿಡಿ: ಹೊಸ ವಂಶವಾಹಿಗಳ ಪಾತ್ರ ತಿಳಿಯುತ್ತ ಹೋದಂತೆ, ಮತ್ತೆ ರಕ್ತ ತೆಗೆಯದೆ, ಅದೇ ದತ್ತಾಂಶವನ್ನು ಎರಡು ಮೂರು ವರ್ಷಗಳ ನಂತರ ಮರುಪರಿಶೀಲಿಸಿದಾಗ ಕೆಲವು ಮಕ್ಕಳಿಗೆ ಉತ್ತರ ಸಿಕ್ಕಿದೆ.